90 ದಿನಕ್ಕೆ ಕ್ರೀಪ್ ಕರ್ವ್ ಫ್ಲ್ಯಾಟ್ ಆಯ್ತು, ಟೆಸ್ಟ್ ನಿಲ್ಲಿಸಬಹುದಾ?

ಪ್ರಶ್ನೆ: ಸರ್, ಒಂದು ಎತ್ತರದ ಕಟ್ಟಡದ ಕಾಲಮ್‌ಗಳಿಗೆ 80 ಎಂಪಿಎ (ಒತ್ತಡದ, ಸ್ಟ್ರೆಂತಿನ ಅಳತೆ) ಹೈ ಪರ್ಫಾರ್ಮೆನ್ಸ್ ಕಾಂಕ್ರೀಟ್ ಬಳಸ್ತಿದ್ದೀವಿ. ವಾಟರ್-ಬೈಂಡರ್ ರೇಶಿಯೊ (ಸಿಮೆಂಟ್ ಥರದ ಪುಡಿಗೆ ಹೋಲಿಸಿದ್ರೆ ನೀರಿನ ತೂಕ) 0.28, ಸಿಲಿಕಾ ಫ್ಯೂಮ್ (ಅತಿ ನುಣುಪಾದ ಸಿಲಿಕಾ ಪುಡಿ) ಇದೆ. ಲ್ಯಾಬಲ್ಲಿ ಕ್ರೀಪ್ ಟೆಸ್ಟ್ (ಸತತ ಹೊರೆ ಕೆಳಗೆ ಕಾಂಕ್ರೀಟ್ ದಿನ ಕಳೆದ ಹಾಗೆ ನಿಧಾನಕ್ಕೆ ಕುಗ್ಗೋದನ್ನ ಅಳೆಯೋದು) ನಡೀತಿದೆ, 90 ದಿನ ಆಯ್ತು, ಗ್ರಾಫ್ ಹೆಚ್ಚು ಕಮ್ಮಿ ಫ್ಲ್ಯಾಟ್ ಆಗಿದೆ. ಕನ್ಸಲ್ಟೆಂಟ್ ಹೇಳ್ತಾರೆ, ಇಂಥ ಕಾಂಕ್ರೀಟಲ್ಲಿ ಕ್ರೀಪ್ ಮಾಮೂಲಿ ಕಾಂಕ್ರೀಟಿನ ಅರ್ಧ, ಇನ್ನು ಟೆಸ್ಟ್ ಮುಂದುವರಿಸೋದು ವೇಸ್ಟ್ ಅಂತ. ಇನ್ನೊಂದು ಗೊಂದಲ, ಲೋಡ್ ಹಾಕದೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಸೀಲ್ ಮಾಡಿ ಇಟ್ಟ ಸಿಲಿಂಡರ್ ಕೂಡ ಕುಗ್ತಾ ಇದೆ. ಗೇಜ್ ಕೆಟ್ಟಿದ್ಯಾ?

ಉತ್ತರ: ಮೊದ್ಲು ಆ ಫಾಯಿಲ್ ಸುತ್ತಿದ ಸಿಲಿಂಡರ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಉಳಿದ ಪ್ರಶ್ನೆಗಳ ಅರ್ಧ ಉತ್ತರ ಅದರಲ್ಲೇ ಇದೆ. ಗೇಜ್ ಬದಲಾಯಿಸೋಕೆ ಹೋಗ್ಬೇಡಿ, ಸಿಲಿಂಡರನ್ನ ತೂಕಕ್ಕಿಡಿ. 150 ಎಂಎಂ ವ್ಯಾಸ, 300 ಎಂಎಂ ಎತ್ತರದ್ದಾದ್ರೆ ಸುಮಾರು 13 ಕೆಜಿ ತೂಗತ್ತೆ. ಸೀಲ್ ಮಾಡಿದ ದಿನದ ತೂಕಕ್ಕೂ ಇವತ್ತಿನ ತೂಕಕ್ಕೂ ನಾಕೈದು ಗ್ರಾಂ ಅಷ್ಟೇ ವ್ಯತ್ಯಾಸ ಇದ್ರೆ ನೀರು ಹೊರಗೆ ಹೋಗಿಲ್ಲ, ಸೀಲ್ ಸರಿಯಾಗಿದೆ ಅಂತ ಅರ್ಥ. ಆದ್ರೂ ಕುಗ್ತಿದೆ ಅಂದ್ರೆ ಅದು ಆಟೋಜೀನಸ್ ಶ್ರಿಂಕೇಜ್, ಹೊರಗಿನ ಗಾಳಿಗೂ ಅದಕ್ಕೂ ಸಂಬಂಧ ಇಲ್ಲ, ಕಾಂಕ್ರೀಟ್ ತನ್ನೊಳಗಿನ ನೀರನ್ನ ತಾನೇ ಕುಡಿದು ಒಣಗ್ತಾ ಇದೆ.

ಇದು ಹೇಗಾಗತ್ತೆ ಅಂದ್ರೆ, ಸಿಮೆಂಟು ನೀರು ಸೇರಿ ಹುಟ್ಟೋ ಜೆಲ್‌ನ ಗಾತ್ರ ಆ ಸಿಮೆಂಟು ನೀರಿನ ಒಟ್ಟು ಗಾತ್ರಕ್ಕಿಂತ ಕಮ್ಮಿ ಇರತ್ತೆ, 100 ಗ್ರಾಂ ಸಿಮೆಂಟ್ ಪೂರ್ತಿ ರಿಯಾಕ್ಟ್ ಆದ್ರೆ ಆರೇಳು ಮಿಲಿಲೀಟರ್ ಜಾಗ ಖಾಲಿ ಬೀಳತ್ತೆ. ಸೆಟ್ ಆಗೋ ಮುಂಚೆ ಪೇಸ್ಟ್ ಮೆತ್ತಗಿರೋದ್ರಿಂದ ಅದು ಹಾಗೇ ಕುಸಿದು ಅಡ್ಜಸ್ಟ್ ಆಗತ್ತೆ, ಸೆಟ್ ಆದ್ಮೇಲೆ ಅಸ್ಥಿಪಂಜರ ಗಟ್ಟಿಯಾಗಿರೋದ್ರಿಂದ ಒಳಗೆ ಖಾಲಿ ರಂಧ್ರಗಳಾಗತ್ವೆ, ನೀರು ಸಣ್ಣ ಸಣ್ಣ ರಂಧ್ರಗಳಿಗೆ ಹಿಂದೆ ಸರಿಯತ್ತೆ, ಅಲ್ಲಿ ನೀರಿನ ಮೇಲ್ಮೈ ಬಾಗಿ ಗೋಡೆಗಳನ್ನ ಒಳಕ್ಕೆ ಎಳೆಯೋಕೆ ಶುರು ಮಾಡತ್ತೆ. ಮಾಮೂಲಿ 0.5 ರೇಶಿಯೊ ಕಾಂಕ್ರೀಟಲ್ಲಿ ನೀರು ಧಾರಾಳವಾಗಿ ಇರೋದ್ರಿಂದ ಇದು ಲೆಕ್ಕಕ್ಕೇ ಬರಲ್ಲ. ಸೀಲ್ ಆಗಿರೋ ಸ್ಥಿತಿಯಲ್ಲಿ ಎಲ್ಲಾ ಸಿಮೆಂಟು ಹೈಡ್ರೇಟ್ ಆಗೋಕೆ 0.42ರ ಆಸುಪಾಸು ರೇಶಿಯೊ ಬೇಕು, ನಿಮ್ದು 0.28. ಅಂದ್ರೆ ನೀರಿನ ಕೊರತೆ ಹುಟ್ಟಿನಿಂದಲೇ ಇದೆ. ಇಂಥ ಮಿಕ್ಸಲ್ಲಿ ಒಳಗಿನ ಆರ್ದ್ರತೆ 80 ಪರ್ಸೆಂಟ್ ಹತ್ರಕ್ಕೆ ಇಳಿಯೋದು ಸಹಜ, ಆ ಆರ್ದ್ರತೆಯಲ್ಲಿ ರಂಧ್ರದ ನೀರಲ್ಲಿರೋ ಎಳೆತ ಸುಮಾರು 30 ಎಂಪಿಎ! ಸಿಲಿಕಾ ಫ್ಯೂಮ್ ರಂಧ್ರಗಳನ್ನ ಇನ್ನೂ ಸಣ್ಣ ಮಾಡೋದ್ರಿಂದ ಎಳೆತ ಜಾಸ್ತಿನೇ ಆಗತ್ತೆ, ಕಮ್ಮಿ ಆಗಲ್ಲ.

ಯುರೋಪಿನ ಕಾಂಕ್ರೀಟ್ ಡಿಸೈನ್ ಕೋಡ್ ಆದ ಯೂರೋಕೋಡ್ 2ರ 2004ರ ಆವೃತ್ತಿಯಲ್ಲಿ ಇದಕ್ಕೊಂದು ಸುಲಭದ ಫಾರ್ಮುಲಾ ಇದೆ, ಕ್ಯಾರೆಕ್ಟರಿಸ್ಟಿಕ್ ಸ್ಟ್ರೆಂತಲ್ಲಿ 10 ಕಳೆದು 2.5ರಿಂದ ಗುಣಿಸಿದ್ರೆ ಅಂತಿಮ ಆಟೋಜೀನಸ್ ಶ್ರಿಂಕೇಜ್ ಮೈಕ್ರೊಸ್ಟ್ರೇನಲ್ಲಿ (ಒಂದು ಮೈಕ್ರೊ ಅಂದ್ರೆ ಉದ್ದದ ಹತ್ತು ಲಕ್ಷದಲ್ಲಿ ಒಂದು ಭಾಗ) ಸಿಗತ್ತೆ. 30 ಎಂಪಿಎಗೆ 50, 80 ಎಂಪಿಎಗೆ 175. ಸಿಲಿಕಾ ಫ್ಯೂಮ್ ಇರೋ 0.28 ಮಿಕ್ಸಲ್ಲಿ ಅಳೆದ್ರೆ ಇದಕ್ಕಿಂತ ಜಾಸ್ತಿನೇ ಬರೋದು ಅಪರೂಪ ಏನಲ್ಲ, 200ರಿಂದ 400ರ ಒಳಗೆ ಎಲ್ಲಾದ್ರೂ ಇರತ್ತೆ ಅಂತ ಇಟ್ಕೊಳಿ.

ಇಲ್ಲಿ ಒಂದು ವಿಷಯ ನಿಮ್ಮ ಲ್ಯಾಬಲ್ಲಿ ಕೇಳ್ಲೇಬೇಕು, ಝೀರೊ ರೀಡಿಂಗ್ ಯಾವಾಗ ತಗೊಂಡ್ರಿ ಅಂತ. ತುಂಬ ಕಡೆ ಮೋಲ್ಡ್ ಬಿಚ್ಚಿ, ಡೀಮೆಕ್ ಪಿನ್ (ಉದ್ದದ ಬದಲಾವಣೆ ಅಳೆಯೋಕೆ ಅಂಟಿಸೋ ಗುರುತು) ಅಂಟಿಸಿ, 24 ಗಂಟೆಗೋ 7 ದಿನಕ್ಕೋ ಮೊದಲ ರೀಡಿಂಗ್ ತಗೋತಾರೆ. ಮಾಮೂಲಿ ಕಾಂಕ್ರೀಟಿಗೆ ಅದು ನಡೆಯತ್ತೆ. ಇದಕ್ಕೆ ನಡೆಯಲ್ಲ, ಯಾಕಂದ್ರೆ ಆಟೋಜೀನಸ್ ಶ್ರಿಂಕೇಜಿನ ದೊಡ್ಡ ಪಾಲು ಸೆಟ್ ಆದ ಕ್ಷಣದಿಂದ ಮೊದಲ ಒಂದೆರಡು ದಿನದಲ್ಲೇ ಮುಗಿದು ಹೋಗಿರತ್ತೆ. ನಿಮ್ಮ ಗೇಜ್ 150 ತೋರಿಸ್ತಿದ್ರೆ ನಿಜವಾಗಿ ಆಗಿರೋದು 300 ಇರಬಹುದು. ಕಾಂಕ್ರೀಟ್ ಹಾಕೋವಾಗಲೇ ಒಳಗೆ ವೈಬ್ರೇಟಿಂಗ್ ವೈರ್ ಗೇಜ್ (ತಂತಿಯ ಕಂಪನದಿಂದ ಸ್ಟ್ರೇನ್ ಅಳೆಯೋ ಸಾಧನ) ಇಟ್ಟು, ಫೈನಲ್ ಸೆಟ್ ಟೈಮಿಂದ ಎಣಿಸೋದೇ ಸರಿ, ಜೊತೆಗೆ ಟೆಂಪರೇಚರ್ ರೀಡಿಂಗ್ ಇರ್ಲೇಬೇಕು, ಮೊದಲ ದಿನ ಹೈಡ್ರೇಶನ್ ಬಿಸಿಗೆ ಹಿಗ್ಗೋದು ಒಂದು ಕಡೆ ಇದು ಕುಗ್ಗೋದು ಇನ್ನೊಂದು ಕಡೆ, ಎರಡೂ ಕಲಸಿಹೋಗಿ ಗೇಜ್ ಏನೂ ಆಗ್ತಿಲ್ಲ ಅನ್ನೋ ಥರ ತೋರಿಸತ್ತೆ.

ಈಗ ನಿಮ್ಮ ಕನ್ಸಲ್ಟೆಂಟ್ ಮಾತಿಗೆ ಬರ್ತೀನಿ, ಕ್ರೀಪ್ ಅರ್ಧ ಅನ್ನೋದು ಸುಳ್ಳಲ್ಲ. ಪೇಸ್ಟ್ ಬಿಗಿಯಾಗಿರತ್ತೆ, ಹೈಡ್ರೇಟ್ ಆಗದೆ ಉಳಿದ ಸಿಮೆಂಟ್ ಕಣಗಳು ಸಣ್ಣ ಕಲ್ಲಿನ ಥರ ಅಡ್ಡ ನಿಲ್ಲತ್ವೆ, ಹೊರಗೆ ಒಣಗೋದು ಬಹಳ ನಿಧಾನ ಆಗಿರೋದ್ರಿಂದ ಡ್ರೈಯಿಂಗ್ ಕ್ರೀಪ್ ಕೂಡ ಕಮ್ಮಿ. (ಲೋಡ್ ಇರೋವಾಗಲೇ ಒಣಗಿದ್ರೆ ಕ್ರೀಪು ಶ್ರಿಂಕೇಜು ಬೇರೆ ಬೇರೆ ಅಳೆದು ಕೂಡಿದ್ದಕ್ಕಿಂತ ಜಾಸ್ತಿ ಕುಗ್ಗತ್ತೆ, ಪಿಕೆಟ್ ಅನ್ನೋರು 1942ರಲ್ಲೇ ತೋರಿಸಿದ್ದು, ಅದಕ್ಕೇ ಪಿಕೆಟ್ ಎಫೆಕ್ಟ್ ಅಂತಾರೆ.) ಹಾಗಾಗಿ ಮಾಮೂಲಿ ಕಾಂಕ್ರೀಟಲ್ಲಿ ಕ್ರೀಪ್ ಕೊಎಫಿಶಿಯೆಂಟ್ 2ರ ಮೇಲೆ ಇದ್ರೆ ಇದರಲ್ಲಿ 1ರ ಆಸುಪಾಸು ಬರತ್ತೆ. ಸರಿ. ಆದ್ರೆ ಈ ಅರ್ಧ ಅನ್ನೋದು ಯಾವುದರ ಅರ್ಧ? ಎಲಾಸ್ಟಿಕ್ ಸ್ಟ್ರೇನಿಗೆ, ಅಂದ್ರೆ ಹೊರೆ ಬಿದ್ದ ಕೂಡಲೇ ಆಗೋ ಕುಗ್ಗುವಿಕೆಗೆ, ಹೋಲಿಸಿದ ಅನುಪಾತದ ಅರ್ಧ (ಆ ಅನುಪಾತವೇ ಕ್ರೀಪ್ ಕೊಎಫಿಶಿಯೆಂಟ್). ಕಾಲಮ್ ಎಷ್ಟು ಎಂಎಂ ಕುಗ್ಗತ್ತೆ ಅನ್ನೋದರ ಅರ್ಧ ಅಲ್ಲ.

ಒಂದು ಲೆಕ್ಕ ಹಾಕಿ ನೋಡೋಣ, ಅಂಕಿಗಳು ಉದಾಹರಣೆಗೆ ಮಾತ್ರ. 30 ಎಂಪಿಎ ಕಾಲಮಲ್ಲಿ ಸರ್ವಿಸ್ ಸ್ಟ್ರೆಸ್ 10 ಎಂಪಿಎ, ಮಾಡ್ಯುಲಸ್ (ಹೊರೆಗೆ ಕುಗ್ಗದೆ ಬಿಗಿಯಾಗಿ ನಿಲ್ಲೋ ಗುಣದ ಅಳತೆ) 28 ಜಿಪಿಎ ಅಂತಿಟ್ಕೊಂಡ್ರೆ ಎಲಾಸ್ಟಿಕ್ ಸ್ಟ್ರೇನ್ 357 ಮೈಕ್ರೊ, ಕ್ರೀಪ್ ಕೊಎಫಿಶಿಯೆಂಟ್ 2.2 ಹಾಕಿದ್ರೆ 786, ಶ್ರಿಂಕೇಜ್ 450, ಒಟ್ಟು 1600ರ ಹತ್ರ. ಈಗ ನಿಮ್ಮ 80 ಎಂಪಿಎ. ಸ್ಟ್ರೆಂತ್ ಜಾಸ್ತಿ ಅಂತ ಯಾರೂ ಕಾಲಮನ್ನ ಹಳೇ ಸೈಜಲ್ಲೇ ಬಿಡಲ್ಲ, ಸಣ್ಣ ಮಾಡ್ತಾರೆ, ದುಡ್ಡು ಕೊಟ್ಟಿರೋದೇ ಅದಕ್ಕೆ. ಆಳು ಗಟ್ಟಿಮುಟ್ಟಾಗಿದ್ದಾನೆ ಅಂತ ಎರಡೂವರೆ ಪಟ್ಟು ಹೊರೆ ಹೊರಿಸಿದ ಹಾಗೆ. ಸ್ಟ್ರೆಸ್ 25 ಎಂಪಿಎ, ಮಾಡ್ಯುಲಸ್ 40 ಜಿಪಿಎ, ಎಲಾಸ್ಟಿಕ್ 625. ಕೊಎಫಿಶಿಯೆಂಟ್ 1.1, ಕ್ರೀಪ್ 688. ಶ್ರಿಂಕೇಜ್ ಎಲ್ಲಾ ಸೇರಿ 350. ಒಟ್ಟು 1660!

ನೋಡಿದ್ರಾ, ಪ್ರತಿ ಎಂಪಿಎಗೆ ಕ್ರೀಪ್ 79ರಿಂದ 28ಕ್ಕೆ ಇಳಿದಿದೆ, ಅಂದ್ರೆ ಅರ್ಧ ಅಲ್ಲ ಮೂರನೇ ಒಂದು ಭಾಗ ಆಗಿದೆ, ಆದ್ರೂ ಕಾಲಮ್ ಕುಗ್ಗೋದು ಅಷ್ಟಕ್ಕಷ್ಟೇ. ಯಾಕಂದ್ರೆ ಮಾಡ್ಯುಲಸ್ಸು ಸ್ಟ್ರೆಂತ್ ಜೊತೆ ಓಡಲ್ಲ, ಸ್ಟ್ರೆಂತ್ ಎರಡೂವರೆ ಪಟ್ಟು ಏರಿದ್ರೆ ಮಾಡ್ಯುಲಸ್ ಒಂದೂವರೆ ಪಟ್ಟು ಏರೋದೂ ಕಷ್ಟ, ಅದೂ ಜಲ್ಲಿ ಚೆನ್ನಾಗಿದ್ರೆ. ಮೂರೂವರೆ ಮೀಟರ್ ಅಂತಸ್ತಿಗೆ 1660 ಮೈಕ್ರೊ ಅಂದ್ರೆ ಸುಮಾರು 6 ಎಂಎಂ. 40 ಅಂತಸ್ತು ಇದ್ರೆ ಸೀದಾ ಗುಣಿಸಿದಾಗ 23 ಸೆಂಟಿಮೀಟರ್, ಮೇಲಿನ ಅಂತಸ್ತುಗಳಲ್ಲಿ ಸ್ಟ್ರೆಸ್ ಕಮ್ಮಿ ಇರೋದ್ರಿಂದ, ಕಟ್ತಾ ಕಟ್ತಾ ಲೆವೆಲ್ ಸರಿ ಮಾಡ್ಕೊಂಡು ಹೋಗೋದ್ರಿಂದ, ನಿಜವಾಗಿ ಕಾಣೋದು ಅಷ್ಟಿರಲ್ಲ, ಆದ್ರೂ ಕಡೆಗಣಿಸೋ ಅಂಕಿ ಅಲ್ಲ. ಅದಕ್ಕಿಂತ ತಲೆನೋವು ಅಂದ್ರೆ ಡಿಫರೆನ್ಶಿಯಲ್ ಶಾರ್ಟನಿಂಗ್. ಕೋರ್ ವಾಲಲ್ಲಿ (ಕಟ್ಟಡದ ನಡುವೆ ಲಿಫ್ಟ್, ಮೆಟ್ಟಿಲಿನ ಸುತ್ತ ಇರೋ ಗೋಡೆ) ಸ್ಟ್ರೆಸ್ 12 ಎಂಪಿಎ, ಹೊರಗಿನ ಕಾಲಮಲ್ಲಿ 25 ಇದ್ರೆ ಎರಡೂ ಬೇರೆ ಬೇರೆ ವೇಗದಲ್ಲಿ ಕುಗ್ಗತ್ವೆ, ಮಧ್ಯದ ಸ್ಲ್ಯಾಬು ವಾಲತ್ತೆ, ಔಟ್‌ರಿಗರ್ (ಕೋರ್ ವಾಲನ್ನ ಹೊರಗಿನ ಕಾಲಮಿಗೆ ಕಟ್ಟೋ ಬಲವಾದ ತೊಲೆ) ಇದ್ರಂತೂ ಅದರಲ್ಲಿ ಡಿಸೈನಲ್ಲೇ ಇಲ್ಲದ ಫೋರ್ಸ್ ಹುಟ್ಕೊಳತ್ತೆ.

ಆ ಕಾಲಮ್ ಒಳಗಿರೋ ಕಂಬಿ ಕಡೆಗೂ ಒಂದ್ಸಲ ನೋಡಿ. ಕಾಂಕ್ರೀಟ್ ಎಷ್ಟು ಕುಗ್ಗತ್ತೋ ಕಂಬಿನೂ ಅಷ್ಟೇ ಕುಗ್ಗಬೇಕು, ಬೇರೆ ದಾರಿ ಇಲ್ಲ. ಲೋಡ್ ಬಿದ್ದ ದಿನ 625 ಮೈಕ್ರೊ, ಅಂದ್ರೆ ಕಂಬಿಯಲ್ಲಿ 125 ಎಂಪಿಎ. ಮೂವತ್ತು ವರ್ಷಕ್ಕೆ 1660, ಅಂದ್ರೆ 330 ಎಂಪಿಎ. ಕಂಬಿ ತಡೆಯೋದ್ರಿಂದ ಇದು ಸ್ವಲ್ಪ ಕಮ್ಮಿನೇ ಬರತ್ತೆ, ಆದ್ರೆ ದಿಕ್ಕು ಇದೇ, ವರ್ಷಗಳು ಕಳೆದ ಹಾಗೆ ಕಾಂಕ್ರೀಟ್ ತನ್ನ ಪಾಲಿನ ಹೊರೆನ ನಿಧಾನಕ್ಕೆ ಕಂಬಿಗೆ ದಾಟಿಸ್ತಾ ಹೋಗತ್ತೆ. ಪ್ರಿಸ್ಟ್ರೆಸ್ಡ್ ಕೆಲಸದಲ್ಲಿ (ಕೇಬಲನ್ನ ಎಳೆದು ಬಿಗಿದು ಕಾಂಕ್ರೀಟನ್ನ ಒತ್ತಿ ಹಿಡಿಯೋದು) ಇದೇ ಉಲ್ಟಾ, ಅಲ್ಲಿ ಪ್ರತಿ 1000 ಮೈಕ್ರೊ ಕುಗ್ಗೋದಕ್ಕೆ ಕೇಬಲಲ್ಲಿ 195 ಎಂಪಿಎಯಷ್ಟು ಎಳೆತ ಮಾಯ.

ಇದು ಹೊಸ ಜ್ಞಾನ ಏನಲ್ಲ. ಹ್ಯಾಟ್ ಅನ್ನೋರು 1907ರಲ್ಲೇ ಲೋಡ್ ಬದಲಾಗದಿದ್ರೂ ಬೀಮ್ ಬಾಗ್ತಾ ಹೋಗೋದನ್ನ ಬರೆದಿಟ್ಟಿದ್ರು. ಫ್ರಾನ್ಸಲ್ಲಿ ಯುಜೀನ್ ಫ್ರೆಸಿನೆ 1911ರ ಸುಮಾರಿಗೆ ಕಟ್ಟಿದ ಲ ವ್ಯೂರ್ದ್ರ್ ಸೇತುವೆಯ ಕಮಾನುಗಳು ತಿಂಗಳುಗಳಲ್ಲಿ ತಗ್ಗೋಕೆ ಶುರುವಾದಾಗ, ಕಮಾನಿನ ನೆತ್ತಿಯಲ್ಲಿ ಜ್ಯಾಕ್ ಇಟ್ಟು ಮತ್ತೆ ಮೇಲೆತ್ತಿದ್ರು. ಆಮೇಲೆ 1928ರಲ್ಲಿ ಪ್ರಿಸ್ಟ್ರೆಸ್ಸಿಂಗ್ ಪೇಟೆಂಟ್ ತಗೊಂಡಾಗ ಹೈ ಸ್ಟ್ರೆಂತ್ ಸ್ಟೀಲೇ ಬೇಕು ಅಂತ ಪಟ್ಟು ಹಿಡಿದಿದ್ದು ಇದಕ್ಕೇ, ಮಾಮೂಲಿ ಕಂಬಿಯಾದ್ರೆ ಕ್ರೀಪು ಶ್ರಿಂಕೇಜೇ ಪೂರ್ತಿ ಎಳೆತ ತಿಂದು ಹಾಕ್ತಿತ್ತು.

ಇನ್ನು ನಿಮ್ಮ ಫ್ಲ್ಯಾಟ್ ಗ್ರಾಫ್. ಎಕ್ಸ್ ಆಕ್ಸಿಸ್ ಮೇಲೆ ದಿನಗಳನ್ನ ಸಮಾನ ಅಂತರದಲ್ಲಿ ಹಾಕಿದ್ದೀರ ಅಲ್ವಾ? ಅದೇ ಡೇಟಾನ ಲಾಗ್ ಸ್ಕೇಲಲ್ಲಿ ಪ್ಲಾಟ್ ಮಾಡಿ, 1, 10, 100, 1000, 10000 ದಿನ ಸಮಾನ ಅಂತರದಲ್ಲಿ ಬರೋ ಹಾಗೆ. ಆಗ ಆ ಫ್ಲ್ಯಾಟ್ ಲೈನ್ ಎದ್ದು ಓರೆಯಾಗಿ ನಿಲ್ಲತ್ತೆ. ಬೇಸಿಕ್ ಕ್ರೀಪ್, ಅಂದ್ರೆ ಒಣಗದೆ ಸೀಲ್ ಆಗಿರೋ ಸ್ಥಿತಿಯ ಕ್ರೀಪ್, ಮೊದಲ ಹಂತ ದಾಟಿದ ಮೇಲೆ ಹೆಚ್ಚು ಕಮ್ಮಿ ಲಾಗ್ ಪ್ರಕಾರವೇ ಹೋಗತ್ತೆ. ಒಂದು ಉದಾಹರಣೆ, 9ನೇ ದಿನ 100 ಮೈಕ್ರೊ, 90ನೇ ದಿನ 160 ಇದೆ ಅಂತಿಟ್ಕೊಳಿ, ಹತ್ತು ಪಟ್ಟು ಕಾಲಕ್ಕೆ 60. ಹಾಗಾದ್ರೆ 900 ದಿನಕ್ಕೆ 220, 9000 ದಿನಕ್ಕೆ ಅಂದ್ರೆ ಸುಮಾರು 25 ವರ್ಷಕ್ಕೆ 280. ನೀವು 160ಕ್ಕೆ ಮುಗೀತು ಅಂತ ಫೈಲ್ ಕ್ಲೋಸ್ ಮಾಡಿದ್ರೆ ಆ 160ರ ಮುಕ್ಕಾಲು ಪಾಲಿನಷ್ಟು, ಅಂದ್ರೆ 120, ಇನ್ನೂ ಬಾಕಿ ಇದೆ.

ಮತ್ಯಾಕೆ ಫ್ಲ್ಯಾಟ್ ಕಾಣ್ತಿದೆ? ಇದೇ ಲೆಕ್ಕದಲ್ಲಿ 30ರಿಂದ 90ನೇ ದಿನದೊಳಗೆ ಏರೋದು 29 ಮೈಕ್ರೊ. ಮುಂದಿನ 60 ದಿನದಲ್ಲಿ, ಅಂದ್ರೆ 150ನೇ ದಿನದ ಹೊತ್ತಿಗೆ, ಏರೋದು ಬರೀ 13. ಕಾಂಕ್ರೀಟ್ ಒಂದು ಡಿಗ್ರಿ ಬಿಸಿಯಾದ್ರೇನೇ 10 ಮೈಕ್ರೊ ಹಿಗ್ಗತ್ತೆ. ಅಂದ್ರೆ ಲ್ಯಾಬಿನ ಎಸಿ ಒಂದೂವರೆ ಡಿಗ್ರಿ ಆಚೀಚೆ ಆದ್ರೆ ಎರಡು ತಿಂಗಳ ಕ್ರೀಪ್ ಅದರೊಳಗೆ ಮುಳುಗಿ ಹೋಗತ್ತೆ, ನೋಡೋರಿಗೆ ಏನೂ ಆಗ್ತಿಲ್ಲ ಅನ್ಸತ್ತೆ. ಸಿಲಿಕಾ ಫ್ಯೂಮ್ ಮಿಕ್ಸಿಗೆ ಎಳೇ ವಯಸ್ಸಲ್ಲಿ ಲೋಡ್ ಹಾಕಿದ್ರೆ ಮೊದಲ ವಾರಗಳ ಏರಿಕೆ ಚುರುಕಾಗಿರೋದ್ರಿಂದ ಆಮೇಲಿನದು ಇನ್ನೂ ಮಲಗಿದ ಹಾಗೆ ಕಾಣತ್ತೆ.

ಹೀಗೆ ಮೋಸ ಹೋಗಿದ್ದಕ್ಕೆ ದೊಡ್ಡ ಉದಾಹರಣೆ ಪಲಾವ್ ದೇಶದ ಕೊರೋರ್-ಬಾಬೆಲ್ಡಾಬ್ ಸೇತುವೆ. 1977ರಲ್ಲಿ ಕಟ್ಟಿದ್ದು, 241 ಮೀಟರ್ ಮುಖ್ಯ ಸ್ಪ್ಯಾನ್, ಪ್ರಿಸ್ಟ್ರೆಸ್ಡ್ ಬಾಕ್ಸ್ ಗರ್ಡರ್. 18 ವರ್ಷಕ್ಕೆ ನಡು ಭಾಗ 1.61 ಮೀಟರ್ ತಗ್ಗಿತ್ತು, ಡಿಸೈನ್ ಲೆಕ್ಕದಲ್ಲಿ ಅಂದುಕೊಂಡಿದ್ದು ಅದಕ್ಕಿಂತ ಬಹಳ ಕಮ್ಮಿ. ರಿಪೇರಿ ಮಾಡಿ ಕೆಲವೇ ತಿಂಗಳಲ್ಲಿ, 1996ರ ಸೆಪ್ಟೆಂಬರಲ್ಲಿ, ಸೇತುವೆನೇ ಕುಸಿದು ಇಬ್ಬರು ಸತ್ತರು. ಕುಸಿತಕ್ಕೆ ಕಾರಣ ಬರೀ ಕ್ರೀಪ್ ಅಂತ ನಾನು ಹೇಳ್ತಿಲ್ಲ, ಅದರ ಬಗ್ಗೆ ವಾದ ಇದೆ, ಆದ್ರೆ ಆ ತಗ್ಗು ಮಾತ್ರ ಕ್ರೀಪಿಂದಾನೇ, ಜೊತೆಗೆ ಪ್ರಿಸ್ಟ್ರೆಸ್ ಲಾಸ್. ಅದು ಹೈ ಪರ್ಫಾರ್ಮೆನ್ಸ್ ಕಾಂಕ್ರೀಟ್ ಅಲ್ಲ ನಿಜ. ಆದ್ರೆ ಕ್ರೀಪ್ ಸಂಶೋಧಕ ಬಝಾಂಟ್ ಮತ್ತು ಅವರ ಜೊತೆಯವರು ಬೇರೆ ಬೇರೆ ದೇಶಗಳ ಐವತ್ತಕ್ಕೂ ಹೆಚ್ಚು ಸೇತುವೆಗಳ ಅಳತೆ ಕಲೆಹಾಕಿದಾಗ ಬಹುಪಾಲು ಕಡೆ ಕಂಡಿದ್ದು ಇದೇ, ಒಂದು ಮಟ್ಟಕ್ಕೆ ಬಂದು ನಿಲ್ಲೋದು ಅಂತ ಇಲ್ಲ, ಲಾಗ್ ಲೈನಲ್ಲಿ ಇಳೀತಾನೇ ಇರತ್ತೆ. ಪೇಸ್ಟಿನ ಸಿ-ಎಸ್-ಎಚ್ ಜೆಲ್ (ಸಿಮೆಂಟು ನೀರು ಸೇರಿ ಹುಟ್ಟೋ ಜೆಲ್) ಮೇಲೆ ನ್ಯಾನೊಇಂಡೆಂಟೇಶನ್ (ಅತಿ ಸಣ್ಣ ಮೊನೆಯಿಂದ ಒತ್ತಿ ನೋಡೋ ಪರೀಕ್ಷೆ) ಮಾಡಿದ ವಾಂಡಾಮ್ ಮತ್ತು ಉಲ್ಮ್ ಕೂಡ 2009ರಲ್ಲಿ ಅದೇ ಲಾಗ್ ನಡತೆ ತೋರಿಸಿದ್ರು. ಜೆಲ್ ಕಣಗಳು ಒಂದರ ಮೇಲೊಂದು ಜಾರೋದು ನಿಮ್ಮ ಕಾಂಕ್ರೀಟಲ್ಲೂ ಇದೆ, ಕಮ್ಮಿ ಪ್ರಮಾಣದಲ್ಲಿ ಅಷ್ಟೇ.

ಇದಕ್ಕೇ ಮಾಡೆಲ್ ಆರಿಸೋವಾಗ ಹುಷಾರು. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ ಎಸಿಐ 209ರ ಹಳೇ ಫಾರ್ಮುಲಾದಲ್ಲಿ ಕೊನೆಗೆ ಒಂದು ಮಿತಿ ಇದೆ, ಕರ್ವ್ ಅಲ್ಲಿಗೆ ಬಂದು ನಿಂತುಬಿಡತ್ತೆ. ಬಝಾಂಟ್ ತಂಡದ ಬಿ3, ಬಿ4 ಮಾಡೆಲ್‌ಗಳಲ್ಲಿ, ಹಾಗೇ ಫಿಬ್ (ಅಂತರರಾಷ್ಟ್ರೀಯ ಕಾಂಕ್ರೀಟ್ ಸಂಸ್ಥೆ) ಮಾಡೆಲ್ ಕೋಡ್ 2010ರ ಬೇಸಿಕ್ ಕ್ರೀಪ್ ಭಾಗದಲ್ಲಿ, ಲಾಗ್ ಇದೆ, ಮಿತಿ ಇಲ್ಲ. ನಿಮ್ಮಂಥ ಕೆಲಸಕ್ಕೆ ನಾನು ಇವನ್ನೇ ಹಿಡೀತೀನಿ. ಆದ್ರೆ ಯಾವ ಮಾಡೆಲನ್ನೂ ಕಣ್ಮುಚ್ಚಿ ನಂಬೋ ಹಾಗಿಲ್ಲ, ಯೂರೋಕೋಡೇ ತನ್ನ ಕ್ರೀಪ್ ಅಂದಾಜಿನ ಚದುರುವಿಕೆ 20 ಪರ್ಸೆಂಟ್, ಶ್ರಿಂಕೇಜಿಂದು 30 ಪರ್ಸೆಂಟ್ ಅಂತ ಒಪ್ಕೊಂಡಿದೆ. ನಿಮ್ಮದೇ ಮಿಕ್ಸಿನ ನಿಮ್ಮದೇ ಡೇಟಾದಿಂದ ಆ ಲಾಗ್ ಲೈನಿನ ಇಳಿಜಾರು ಹಿಡಿದು ಮಾಡೆಲನ್ನ ತಿದ್ದಿಕೊಳ್ಳೋಕೇ ಟೆಸ್ಟ್ ಮಾಡೋದು, ಅದು ವೇಸ್ಟ್ ಹೇಗಾಗತ್ತೆ?

ಇನ್ನೊಂದು ವಿಷಯ, ಒಣಗೋದು. ಲ್ಯಾಬಲ್ಲಿ 50 ಪರ್ಸೆಂಟ್ ಆರ್ದ್ರತೆಯಲ್ಲಿ ತೆರೆದಿಟ್ಟ 150 ಎಂಎಂ ಸಿಲಿಂಡರ್‌ಗೂ ನಿಮ್ಮ ಒಂದು ಮೀಟರ್ ಕಾಲಮ್‌ಗೂ ಹೋಲಿಕೆನೇ ಇಲ್ಲ. ಒಣಗೋ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರತ್ತೆ, ದಪ್ಪ ಆರೇಳು ಪಟ್ಟಾದ್ರೆ ಸಮಯ ನಲವತ್ತು ಪಟ್ಟಿನ ಮೇಲೆ. ಅದೂ ಇಷ್ಟು ಬಿಗಿ ಕಾಂಕ್ರೀಟಲ್ಲಿ ಒಣಗೋದು ಮೇಲಿನ ಕೆಲವು ಸೆಂಟಿಮೀಟರ್ ಮಾತ್ರ, ಒಳಗಿನ ಮುಖ್ಯ ಭಾಗ ದಶಕಗಟ್ಟಲೆ ಸೀಲ್ ಆದ ಹಾಗೇ ಇರತ್ತೆ. ಆದ್ರಿಂದ ನಿಮ್ಮ ಕಾಲಮಿಗೆ ಹತ್ರದ ಸತ್ಯ ಹೇಳೋದು ತೆರೆದಿಟ್ಟ ಸಿಲಿಂಡರ್ ಅಲ್ಲ, ಫಾಯಿಲ್ ಸುತ್ತಿ ಲೋಡ್ ಹಾಕಿದ ಸಿಲಿಂಡರ್. ಅದು ನಿಮ್ಮ ರಿಗ್ಗಲ್ಲಿ ಇದ್ಯಾ? ಇಲ್ಲದಿದ್ರೆ ಇವತ್ತೇ ಒಂದು ಸೆಟ್ ಶುರು ಮಾಡಿ. ಲೋಡ್ ಹಾಕಿದ ಸೀಲ್ ಸಿಲಿಂಡರಿನ ಒಟ್ಟು ಸ್ಟ್ರೇನಲ್ಲಿ ಎಲಾಸ್ಟಿಕ್ ಕಳೆದು, ನೀವು ಗೇಜ್ ಕೆಟ್ಟಿದೆ ಅಂದ್ಕೊಂಡ ಆ ಲೋಡಿಲ್ಲದ ಸಿಲಿಂಡರಿನ ಸ್ಟ್ರೇನನ್ನೂ ಕಳೆದ್ರೆ ಉಳಿಯೋದೇ ಬೇಸಿಕ್ ಕ್ರೀಪ್. ಆ ಸಿಲಿಂಡರ್ ಇಲ್ದೇ ಇದ್ರೆ ಆಟೋಜೀನಸ್ ಶ್ರಿಂಕೇಜೆಲ್ಲಾ ಕ್ರೀಪ್ ಲೆಕ್ಕಕ್ಕೆ ಸೇರ್ಕೊಂಡು ಬಿಡ್ತಿತ್ತು. ಲೋಡ್ ಸ್ಟ್ರೆಂತಿನ 40 ಪರ್ಸೆಂಟ್ ಒಳಗೇ ಇರ್ಲಿ, ಅದರ ಮೇಲೆ ಹೋದ್ರೆ ಒಳಗೆ ಮೈಕ್ರೊಕ್ರ್ಯಾಕ್ ಶುರುವಾಗಿ ಕ್ರೀಪ್ ಸ್ಟ್ರೆಸ್ಸಿಗೆ ಸಮ ಪ್ರಮಾಣದಲ್ಲಿ ಇರಲ್ಲ.

ಕ್ರೀಪನ್ನ ಬರೀ ಶತ್ರು ಅಂತಲೂ ನೋಡ್ಬೇಡಿ. ಗೋಡೆ, ಡೆಕ್ ಸ್ಲ್ಯಾಬಂಥ ಕಡೆ ಕುಗ್ಗೋಕೆ ಹೋದ ಕಾಂಕ್ರೀಟನ್ನ ಅಕ್ಕಪಕ್ಕದ ಭಾಗ ಹಿಡಿದಿಟ್ಕೊಂಡಾಗ, 200 ಮೈಕ್ರೊ ತಡೆದ್ರೆ 30 ಜಿಪಿಎ ಮಾಡ್ಯುಲಸ್ಸಿಗೆ 6 ಎಂಪಿಎ ಎಳೆತ ಬರಬೇಕು, ಎಳೇ ಕಾಂಕ್ರೀಟ್ ಅಷ್ಟು ತಡೆಯಲ್ಲ, ಬಿರುಕು ಗ್ಯಾರಂಟಿ. ಬಿರುಕು ಬಿಡದೆ ಉಳಿಯೋ ಕಡೆ ಉಳಿಸಿದ್ದು ಟೆನ್ಸೈಲ್ ಕ್ರೀಪೇ, ಅದು ಆ ಎಳೆತದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಳಿಸತ್ತೆ. ಆಟೋಜೀನಸ್ ಭಾಗನೇ ಕಮ್ಮಿ ಮಾಡ್ಬೇಕು ಅಂದ್ರೆ ಮೇಲಿಂದ ನೀರು ಹಾಕಿ ಹೆಚ್ಚು ಪ್ರಯೋಜನ ಇಲ್ಲ, ಒಳಗೆ ಇಳಿಯಲ್ಲ (ಮೇಲ್ಮೈ ಒಣಗಿ ಸೀಳದ ಹಾಗೆ ಕ್ಯೂರಿಂಗ್ ಬೇಕೇ ಬೇಕು, ಅದು ಬೇರೆ ವಿಷಯ). ನೆನೆಸಿದ ಲೈಟ್‌ವೇಟ್ ಅಗ್ರಿಗೇಟ್ ಅಥವಾ ಸೂಪರ್ ಅಬ್ಸಾರ್ಬೆಂಟ್ ಪಾಲಿಮರ್ ಹಾಕಿ ಇಂಟರ್ನಲ್ ಕ್ಯೂರಿಂಗ್ (ಒಳಗಿಂದಲೇ ನೀರು ಉಣಿಸೋದು) ಮಾಡ್ಬಹುದು, ಶ್ರಿಂಕೇಜ್ ರೆಡ್ಯೂಸಿಂಗ್ ಅಡ್ಮಿಕ್ಸ್ಚರ್ ಇದೆ. ಲೈಟ್‌ವೇಟ್ ಅಗ್ರಿಗೇಟ್ ಜಾಸ್ತಿ ಹಾಕಿದ್ರೆ ಮಾಡ್ಯುಲಸ್ ಇಳಿಯತ್ತೆ, ನಿಮ್ಮ ಕಾಲಮಿಗೆ ಅದು ನಷ್ಟದ ವ್ಯಾಪಾರ. ಅಲ್ಟ್ರಾ ಹೈ ಪರ್ಫಾರ್ಮೆನ್ಸ್ ಕಾಂಕ್ರೀಟಲ್ಲಿ 90 ಡಿಗ್ರಿ ಹಬೆಯಲ್ಲಿ 48 ಗಂಟೆ ಬೇಯಿಸಿ ಕ್ರೀಪ್ ಕೊಎಫಿಶಿಯೆಂಟನ್ನ 0.8ರಿಂದ 0.2ಕ್ಕೆ ಇಳಿಸ್ತಾರೆ, ಆದ್ರೆ ಅದು ಪ್ರಿಕಾಸ್ಟ್ ಫ್ಯಾಕ್ಟರಿಯ ಆಟ, ಸೈಟಲ್ಲಿ ಆಗಲ್ಲ.

ನಿಮ್ಮ ಜಾಗದಲ್ಲಿ ನಾನಿದ್ರೆ ಕಾಸು ಖರ್ಚು ಮಾಡೋದು ಜಲ್ಲಿ ಮೇಲೆ. ಗಟ್ಟಿ ಮಾಡ್ಯುಲಸ್ಸಿನ ಕಲ್ಲು, ಪೇಸ್ಟ್ ವಾಲ್ಯೂಮ್ ಎಷ್ಟು ಕಮ್ಮಿ ಸಾಧ್ಯವೋ ಅಷ್ಟು, ಯಾಕಂದ್ರೆ ಕುಗ್ಗೋದು ಕ್ರೀಪ್ ಆಗೋದು ಎರಡೂ ಪೇಸ್ಟೇ, ಕಲ್ಲು ತಡೆಯೋದು ಮಾತ್ರ. ಬುರ್ಜ್ ಖಲೀಫಾದ ಕೆಳಭಾಗದ 80 ಎಂಪಿಎ ಕಾಂಕ್ರೀಟಿಗೆ ಸ್ಟ್ರೆಂತ್ ಜೊತೆ ಮಾಡ್ಯುಲಸ್ಸನ್ನೂ ಸ್ಪೆಸಿಫೈ ಮಾಡಿದ್ರು. ನಿಮ್ಮ ಸ್ಪೆಸಿಫಿಕೇಶನಲ್ಲಿ ಬರೀ ಕ್ಯೂಬ್ ಸ್ಟ್ರೆಂತ್ ಇದ್ರೆ ಮೊದ್ಲು ಅದನ್ನ ತಿದ್ದಿಸಿ.

ಟೆಸ್ಟಂತೂ ನಿಲ್ಲಿಸ್ಬೇಡಿ. ರಿಗ್ ಬೇರೆ ಕೆಲಸಕ್ಕೆ ಬೇಕು ಅಂತ ಲ್ಯಾಬಿನವರು ಗಲಾಟೆ ಮಾಡಿದ್ರೆ ಒಣಗೋ ಸೆಟ್ ಬೇಕಾದ್ರೆ ತೆಗೀಲಿ, ಸೀಲ್ ಆಗಿರೋ ಸೆಟ್ ಕನಿಷ್ಠ ಒಂದು ವರ್ಷ ಇರ್ಲಿ. ರೀಡಿಂಗ್ ದಿನಾ ತಗೊಳೋದು ಬೇಡ, ಲಾಗ್ ಸ್ಕೇಲಲ್ಲಿ ಸಮಾನ ಅಂತರ ಬರೋ ಹಾಗೆ 90, 130, 180, 250, 365ನೇ ದಿನ ತಗೊಂಡ್ರೆ ಸಾಕು, ಪ್ರತಿ ಸಲ ಸಿಲಿಂಡರಿನ ಟೆಂಪರೇಚರ್ ಬರೆದಿಡಿ, ಸ್ಪ್ರಿಂಗ್ ರಿಗ್ ಆದ್ರೆ ಲೋಡ್ ಇಳಿದಿದ್ಯಾ ಅಂತ ಲೋಡ್ ಸೆಲ್ ನೋಡ್ಕೊಳಿ, ಫಾಯಿಲ್ ಸುತ್ತಿ ಪಕ್ಕಕ್ಕಿಟ್ಟ ಲೋಡಿಲ್ಲದ ಸಿಲಿಂಡರಿನ ತೂಕನೂ ಬರೀರಿ. ಇದರ ಜೊತೆ ಕೆಳಗಿನ ನಾಲ್ಕೈದು ಅಂತಸ್ತಿನ ಕಾಲಮಲ್ಲಿ, ಪಕ್ಕದ ಕೋರ್ ವಾಲಲ್ಲಿ, ಒಂದೊಂದು ವೈಬ್ರೇಟಿಂಗ್ ವೈರ್ ಗೇಜ್ ಹೂತಿಟ್ರೆ ಮೇಲಿನ ಅಂತಸ್ತುಗಳಿಗೆ ಬರೋ ಹೊತ್ತಿಗೆ ಕಾಲಮ್ ಲೆವೆಲ್ ಎಷ್ಟು ಎಂಎಂ ಎತ್ತಿ ಕಟ್ಬೇಕು ಅನ್ನೋದಕ್ಕೆ ಮಾಡೆಲ್ ಅಂಕಿನೂ ಅಳತೆ ಅಂಕಿನೂ ಎರಡೂ ನಿಮ್ಮ ಕೈಯಲ್ಲಿರತ್ತೆ.